ಅರ್ಧ ನೂಲು

ಪಣಂಬೂರಿನಲ್ಲಿ ಯಂತ್ರ ಇಳಿಸಿ ಎಸೆದ ಪೆಟ್ಟಿಗೆಯ ಹಲಗೆ.
ಯಾವ ದೇಶದ ಮರವೋ,
ಕೀಸುಳಿ ಎಳೆದರೆ ಗುಡಾಣದ ಕರ್ಪೂರದ ಹಾಗೆ ವಾಸನೆ.
ಆಟೋದವನು ನಲವತ್ತು ಹೆಚ್ಚು ಕೇಳಿದ. ಕೊಟ್ಟೆ.
ಬಜಾಲಿನ ಬಾಡಿಗೆ ಮನೆಯ ಹಿಂದಿನ ಕೋಣೆಗೆ
ಓರೆ ಹಿಡಿದು ನುಗ್ಗಿಸುವಾಗ
ತೊಡೆಯ ಮೇಲಿನ ಬೀಡಿ ತಡಪೆ ಸರಿಸದೆ
ಅತ್ತೆ ಕೇಳಿದರು: ಮಂಚವಾ?
ಅಲ್ಲ, ಲೈನು.

ಹಗಲಿಡೀ ಪಡೀಲಿನಿಂದ ಆಚೆ ನಾಲ್ಕು ಕಿಲೋಮೀಟರು
ಜಲ್ಲಿ ಎಳೆದು, ಸ್ಲೀಪರಿನ ಅಡಿ ಬಡಿದು, ಮಟ್ಟ ನೋಡಿ
ಸಂಜೆ ಬಂದು ಅದನ್ನೇ ಮಾಡುತ್ತೀಯಲ್ಲ ಮಾರಾಯ್ತಿ,
ನಗುತ್ತಾರೆ ಮೇಸ್ತ್ರಿ ಕುಂಞಿರಾಮ.
ಹೌದು.
ಅಲ್ಲಿ ನಾನು ಬಗ್ಗಿಯೇ ಇರುತ್ತೇನೆ.
ಇಲ್ಲಿ ಲೈನು ನನ್ನ ಎದೆಯವರೆಗೆ ಎದ್ದು ಬರುತ್ತದೆ.

ಉದ್ದಕ್ಕೆ ಎರಡು ದೂಲ, ಅಡ್ಡಕ್ಕೆ ಹದಿನಾರು ಪಟ್ಟಿ,
ಒಂದು ಮೊಳೆಯೂ ಇಲ್ಲ, ಎಲ್ಲ ಸ್ಕ್ರೂ:
ಮನೆ ಬಿಡಿ ಅಂದ ದಿನ ಬಿಚ್ಚಿಕೊಂಡು ಹೋಗಬೇಕಲ್ಲ.
ಕೋಣೆಯ ನೆಲ ಬಚ್ಚಲಿನ ಕಡೆಗೆ ಬಾಗಿದೆ.
ಅದು ಕಟ್ಟಿದವನ ಜಾಣತನ, ನನಗೆ ತಲೆನೋವು.
ಎಂಟು ಕಾಲಿಗೂ ಅಡಿಯಲ್ಲೊಂದು ಬೋಲ್ಟು ತಿರುಗಿಸಿ,
ಗಾರೆಯವರ ಹಾಗೆ ಉದ್ದ ಪೈಪಿಗೆ ನೀರು ತುಂಬಿ
ಆ ತುದಿ ಅತ್ತೆ, ಈ ತುದಿ ನಾನು.
ನಿಂತಿತಾ? ಇಲ್ಲ, ಉಸಿರಾಡ್ತಾ ಉಂಟು.
ಈಗ?
ಈಗ ನಿಂತಿತು.
ಮದುವೆಯಾಗಿ ಹನ್ನೊಂದು ವರ್ಷಕ್ಕೆ
ಇಬ್ಬರದೂ ಒಂದೇ ಮಟ್ಟ ಬಂದದ್ದು ಅವತ್ತು.

ಬಂದರಿನ ಅಂಗಡಿಯಲ್ಲಿ ಚಪ್ಪಲಿ ಅಟ್ಟೆಯ ಹಾಳೆ ಸಿಗುತ್ತದೆ,
ತೂಕಕ್ಕೆ, ಬಣ್ಣ ಕೇಳಬಾರದು.
ನನ್ನ ಹಳಿದಿಬ್ಬ ಹಾಗಾಗಿ ಅರ್ಧ ನೀಲಿ, ಅರ್ಧ ಗುಲಾಬಿ.
ಅಂಚನ್ನು ಓರೆಯಾಗಿ ಕೊಯ್ಯಬೇಕು, ಮಣ್ಣು ಜಾರಿ ನಿಂತ ಹಾಗೆ.
ತಿರುವಿನಲ್ಲಿ ಇಡೀ ಪಟ್ಟಿ ಬಗ್ಗುವುದಿಲ್ಲ;
ನಡುವೆ ಸೀಳಿ ಎರಡು ಮಾಡಿದರೆ
ಒಂದರ ಬದಿಗೆ ಒಂದು ತಾನಾಗಿ ಬಳುಕುತ್ತದೆ.

ಜಲ್ಲಿ ಮಾತ್ರ ಅಸಲಿ. ಕದ್ದದ್ದಲ್ಲ,
ಶೂವಿನೊಳಗೆ ತಾನೇ ಮನೆಗೆ ಬಂದದ್ದು.
ದಿನಾ ಜಗಲಿಯಲ್ಲಿ ಕೊಡವಿ
ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟದ್ದು ನಾಲ್ಕು ವರ್ಷ.
ಚಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ
ಕೆಳಗೆ ಬಿದ್ದದ್ದು ಅಳತೆಗೆ ಸರಿ.

ಕ್ಲ್ಯಾಂಪು ವಾಪಸು ಕೇಳಲು ಬಂದ ಜಯಕರಾಚಾರಿ
ಮೊದಲು ಮೇಜಿನ ಅಡಿಗೆ ನುಗ್ಗಿ ನೋಡಿದರು.
ಆಚಾರಿಗಳು ಹಾಗೆ.
ಒಂದು ಗುದ್ದು ಗುದ್ದಿ, ಹ್ಞೂಂ, ಎಂದರು.
ಆಮೇಲೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ದಿಟ್ಟಿಸಿ
ಇಲ್ಲೊಂದು ಕಡೆ ಅರ್ಧ ನೂಲು ಇಳಿದಿದೆ ತಂಗಿ,
ಎಂದು ಬೀಡಿಕಟ್ಟಿನ ರಟ್ಟು ಹರಿದು
ಅಡಿಗೆ ತುರುಕಿಯೇ ಹೋದರು.

ಅವರು ಗೇಟು ದಾಟಿದ ಮೇಲೆ ತೆಗೆದೆ.

ಆ ಜಾಗ ನನಗೆ ಗೊತ್ತು.
ಮೋರಿ ದಾಟಿ ಇಪ್ಪತ್ತು ಹೆಜ್ಜೆ, ಎಡಕ್ಕೆ ಒಂದು ಗೇರುಮರ.
ಎಷ್ಟು ಜಲ್ಲಿ ತಿನ್ನಿಸಿದರೂ ಮತ್ತೆ ಇಳಿಯುತ್ತದೆ,
ಮೇಲೆ ನಿಂತರೆ ಹಿಮ್ಮಡಿಗೆ ತಿಳಿಯುತ್ತದೆ.
ಎಂಬತ್ತೇಳರಲ್ಲಿ ಒಂದರ ಲೆಕ್ಕದಲ್ಲಿ
ಈ ಅರ್ಧ ನೂಲು ಅಲ್ಲಿ ಅರ್ಧ ಅಡಿ,
ಅಷ್ಟು ಇಳಿದರೆ ನಮ್ಮ ಗ್ಯಾಂಗಿಗೆ ಕೆಲಸವೇ ಇರದು.
ಗೊತ್ತು. ಲೆಕ್ಕ ಬೇರೆ, ಹಿಮ್ಮಡಿ ಬೇರೆ.

ರೈಲು ಯಾವಾಗ ತರುತ್ತೀ? ಎಲ್ಲರೂ ಕೇಳುವುದು ಅದನ್ನೇ.
ಪೆಟ್ಟಿಗೆಯಲ್ಲಿ ಸಿಗುತ್ತದೆ, ದುಡ್ಡು ಕೊಟ್ಟರೆ ಆಯಿತು.

ನಿನ್ನೆ ರಾತ್ರಿ ಅಂಟು ಮುಗಿದು
ಕೊನೆಯ ಒಂದು ಗೇಣು ಜಲ್ಲಿ ಹಾಗೇ ಉದುರಿಸಿಟ್ಟಿದ್ದೆ.
ಮೂರೂವರೆಗೆ ಮನೆಯ ಹಿಂದೆ ಗೂಡ್ಸು ಹೋಯಿತು,
ಕಬ್ಬಿಣದ ಅದಿರೋ ಏನೋ, ತುಂಬಿದ ಗಾಡಿ.
ಲೋಟ ಟಣಟಣ ಅಂತು. ಎದ್ದು ದೀಪ ಹಾಕಿದರೆ
ಗುಲಾಬಿ ಅಂಚಿನಿಂದ ಏಳೆಂಟು ಕಾಳು ಕೆಳಗೆ ಜಾರಿ ಬಿದ್ದಿವೆ.

ಹಳೆಯ ಹಲ್ಲುಜ್ಜುವ ಬ್ರಶ್ಶು ತಂದು
ಒಂದೊಂದಾಗಿ ಮೇಲೆ ತಳ್ಳಿದೆ.